ರೆಕಾರ್ಡಿಂಗ್‌ನಲ್ಲಿ ಚಿತ್ರ ಒಡೆಯುತ್ತಿತ್ತು, ಕಾರಣ ಆಂಟೆನಾ ಅಲ್ಲ

ರಾಸ್ಪ್‌ಬೆರಿ ಪೈ 4 (ಅಂಗೈಯಗಲದ ಪುಟ್ಟ ಕಂಪ್ಯೂಟರ್), ಆಂಟೆನಾದ ಟಿವಿ ಸಿಗ್ನಲ್ ಹಿಡಿಯುವ ಒಂದು ಯುಎಸ್‌ಬಿ ಟ್ಯೂನರ್, ಹಳೇ ಲ್ಯಾಪ್‌ಟಾಪ್‌ನಿಂದ ತೆಗೆದ ಹಾರ್ಡ್ ಡಿಸ್ಕ್, ಟಿವಿ ನೋಡೋಕೆ, ರೆಕಾರ್ಡ್ ಮಾಡೋಕೆ ಟಿವಿಹೆಡೆಂಡ್ ಅನ್ನೋ ಸಾಫ್ಟ್‌ವೇರ್. ಇಷ್ಟೇ ನನ್ನ ಸೆಟಪ್. ಲೈವ್ ನೋಡುವಾಗ ಎಲ್ಲ ಸರಿ. ರೆಕಾರ್ಡ್ ಮಾಡಿದರೆ ಮಾತ್ರ ಐದಾರು ನಿಮಿಷಕ್ಕೊಮ್ಮೆ ಮುಖಗಳೆಲ್ಲ ಚೌಕಚೌಕ, ಧ್ವನಿ ಕಟ್.

ಆಂಟೆನಾ ಎತ್ತರಕ್ಕೆ ಏರಿಸಿದೆ, ಉಪಯೋಗವಿಲ್ಲ. ಬೂಸ್ಟರ್ ಹಾಕಿದ ಮೇಲೆ ಇನ್ನೂ ಕೆಟ್ಟಿತು (ಸಿಗ್ನಲ್ ಮೊದಲೇ ಸಾಕಷ್ಟಿದ್ದರೆ ಅದು ಟ್ಯೂನರ್‌ಗೆ ಜಾಸ್ತಿಯಾಗುತ್ತದೆ). ಕೇಬಲ್ ಬದಲಿಸಿದ್ದೂ ದಂಡ.

ಸುಳಿವು ಸಿಕ್ಕಿದ್ದು ಸಿಸ್ಟಮ್ ಲಾಗ್‌ನಲ್ಲಿ. ಡಿಸ್ಕ್‌ಗೆ ಕೆಲಸ ಬಿದ್ದಾಗೆಲ್ಲ ‘ಅಂಡರ್‌ವೋಲ್ಟೇಜ್’ (ವೋಲ್ಟೇಜ್ ಸಾಲುತ್ತಿಲ್ಲ) ಅಂತ ಒಂದು ಸಾಲು. ಪೈ 4ರ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಕೊಡೋದೇ 1.2 ಆಂಪಿಯರ್, ಅದರಲ್ಲಿ ಡಿಸ್ಕೂ ಟ್ಯೂನರೂ ಹಂಚಿಕೊಳ್ಳಬೇಕು ಅಲ್ವಾ.

ಪರಿಹಾರ ಹೀಗೆ: ಪೈ ಪೂರ್ತಿ ಆಫ್ ಮಾಡಿ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್‌ಗೆ ಮೊದಲು ಕರೆಂಟ್ ಕೊಡಿ, ಡಿಸ್ಕನ್ನು ಅದಕ್ಕೆ ಸಿಕ್ಕಿಸಿ, ಆಮೇಲೆ ಹಬ್ಬನ್ನು ಪೈನ ನೀಲಿ (ಯುಎಸ್‌ಬಿ 3) ಪೋರ್ಟ್‌ಗೆ. ಟ್ಯೂನರ್ ಕಪ್ಪು (ಯುಎಸ್‌ಬಿ 2) ಪೋರ್ಟ್‌ನಲ್ಲೇ ಇರಲಿ, ಆದರೆ ಅರ್ಧ ಮೀಟರ್ ಎಕ್ಸ್‌ಟೆನ್ಶನ್ ಕೇಬಲ್ ಹಾಕಿ ಡಿಸ್ಕ್‌ನಿಂದ ದೂರ ಇಡಿ, ಯುಎಸ್‌ಬಿ 3 ಸಾಧನಗಳು ಸುತ್ತ ರೇಡಿಯೋ ಗದ್ದಲ ಎಬ್ಬಿಸುತ್ತವೆ. ಕೊನೆಗೆ ಪೈ ಆನ್ ಮಾಡಿ. ಟಿವಿಹೆಡೆಂಡ್‌ನಲ್ಲಿ ಪ್ರೊಫೈಲ್ ‘ಪಾಸ್’ (ಬಂದ ಸಿಗ್ನಲ್ ಇದ್ದ ಹಾಗೇ ಉಳಿಸುತ್ತದೆ), ಪ್ಯಾಡಿಂಗ್ ಅಂದರೆ ಹೆಚ್ಚುವರಿ ರೆಕಾರ್ಡಿಂಗ್ ಕಾರ್ಯಕ್ರಮಕ್ಕೆ ಮುಂಚೆ 2 ನಿಮಿಷ, ನಂತರ 10.

ಈಗ ಎರಡು ಗಂಟೆಯ ರೆಕಾರ್ಡಿಂಗ್ ಆದರೂ ‘ಡೇಟಾ ಎರರ್ಸ್’ ಕಾಲಂನಲ್ಲಿ 0 ಬರುತ್ತದೆ.