ಬೈಪಾಸ್ ನಕ್ಷೆಗೆ ನಮ್ಮ ಅಂಡರ್‌ಪಾಸ್ ಸೇರಿಸಿದ್ದು: ನನ್ನ ಅನುಭವ

ಶಿವಮೊಗ್ಗದ ಅಂಚಿನಲ್ಲಿರುವ ನಮ್ಮ ಬಡಾವಣೆಗೂ ಹಳೇ ಊರಿಗೂ ನಡುವೆ ಹೆದ್ದಾರಿಯ ಬೈಪಾಸ್ ಹಾಯಲಿದೆ. ಮೊದಲ ನಕ್ಷೆಯಲ್ಲಿ ದಾಟಲು ದಾರಿಯೇ ಇರಲಿಲ್ಲ, ಎರಡು ಕಿಲೋಮೀಟರ್ ಸುತ್ತಬೇಕಿತ್ತು. ಈಗಿನ ನಕ್ಷೆಯಲ್ಲಿ ಅಂಡರ್‌ಪಾಸ್ ಇದೆ, ಅದೂ ನಾವು ಕೇಳಿದ ಎತ್ತರದ್ದು. ‘ಹೆದ್ದಾರಿಯವರು ನಿಮ್ಮ ಮಾತು ಕೇಳ್ತಾರಾ?’ ಎಂದು ನಕ್ಕವರೇ ಈಗ ಫೋನ್ ಮಾಡಿ ವಿಚಾರಿಸುತ್ತಿದ್ದಾರೆ.

ಶುರುವಿನಲ್ಲಿ ಎಲ್ಲರಂತೆ ಮನವಿ, ಸಹಿ ಸಂಗ್ರಹ, ಅರ್ಧ ದಿನದ ಧರಣಿ ಎಲ್ಲ ಆಯ್ತು. ಫ್ಲೆಕ್ಸು, ಶಾಮಿಯಾನ, ಟೀ ಅಂತ ಹದಿನೈದು ಸಾವಿರದ ಮೇಲೆ ಹೋಯಿತು. ಸಿಕ್ಕಿದ್ದು ‘ಪರಿಶೀಲಿಸಲಾಗುವುದು’ ಎಂಬ ಹಿಂಬರಹ. 2016ರಲ್ಲಿ ಬೆಂಗಳೂರಿನವರು ಕೈ ಕೈ ಹಿಡಿದು ನಿಂತರು, ಮರುವರ್ಷ ಸರ್ಕಾರ ಸ್ಟೀಲ್ ಫ್ಲೈಓವರ್ ಕೈಬಿಟ್ಟಿತು. ಅದನ್ನೇ ಇಲ್ಲೂ ಮಾಡೋಣ ಅಂತ ನಮ್ಮ ಹುಡುಗರಿಗೆ ಹುಮ್ಮಸ್ಸು. ಅಲ್ಲಿ ಟಿವಿ ಕ್ಯಾಮೆರಾ ಇತ್ತು, ಇಲ್ಲಿ ಆಷಾಢದ ಮಳೆ!

ಅಷ್ಟರಲ್ಲಿ ರಸ್ತೆಗೆ ಜಮೀನು ಸ್ವಾಧೀನ ಮಾಡುವ 3ಎ ಪ್ರಕಟಣೆ ಬಂತು. ಅದಕ್ಕೆ 3ಸಿ ಕಲಮಿನಡಿ ಆಕ್ಷೇಪಣೆ ಹಾಕಲು ಇರುವುದು 21 ದಿನ. ಬಡಾವಣೆಯವರ ಅರ್ಜಿಗಳೆಲ್ಲ ಒಂದೇ ಏಟಿಗೆ ಬಿದ್ದುಹೋದವು. ‘ನಿಮ್ಮ ಜಮೀನು ಹೋಗುತ್ತಿಲ್ಲವಲ್ಲ, ನೀವ್ಯಾರು?’ ಎಂದರು ಅಧಿಕಾರಿಗಳು. 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಇರುವುದೂ ಹಾಗೇ, ಆ ಜಮೀನಿನಲ್ಲಿ ಹಿತಾಸಕ್ತಿ ಇದ್ದವರಿಗೆ ಮಾತ್ರ ಬಾಯಿ. ತೋಟ ಎರಡು ಹೋಳಾಗುವ ಇಬ್ಬರು ಅಡಿಕೆ ಬೆಳೆಗಾರರ ಜಗಲಿಗೆ ಹೋಗಿ ಕೂತೆವು. ಅವರಿಗೂ ಆಚೆ ಉಳಿಯುವ ತೋಟಕ್ಕೆ ದಾರಿ ಬೇಕಿತ್ತು. ಆಕ್ಷೇಪಣೆಯಲ್ಲಿ ಸರ್ವೆ ನಂಬರ್ ಅವರದು, ಲೆಕ್ಕ ನಮ್ಮದು. ‘ರಸ್ತೆಯೇ ಬೇಡ’ ಎಂಬ ಸಾಲನ್ನು ಕರಡಿನಿಂದ ತೆಗೆಸಿದೆ. ಅದಕ್ಕೆ ನಮ್ಮವರೇ ಕೆಲವರು ಇವತ್ತಿಗೂ ನನ್ನ ಜೊತೆ ಮಾತಾಡಲ್ಲ.

ಹತ್ತು ರೂಪಾಯಿಯ ಆರ್‌ಟಿಐ ಅರ್ಜಿ ಹಾಕಿ ಹೆದ್ದಾರಿಯವರ ಟ್ರಾಫಿಕ್ ಎಣಿಕೆಯ ಪ್ರತಿ ತೆಗೆಸಿದೆವು, ಪುಟಕ್ಕೆ ಎರಡು ರೂಪಾಯಿ. ಎಣಿಸಿದ್ದು ಬೇಸಿಗೆಯಲ್ಲಿ. ಆಗ ಶಾಲೆಯೂ ಇಲ್ಲ, ಅಡಿಕೆ ಕೊಯ್ಲೂ ಇಲ್ಲ. ಅದೂ ದೊಡ್ಡ ರಸ್ತೆಯಲ್ಲಿ ಉದ್ದಕ್ಕೆ ಓಡುವ ಗಾಡಿಗಳ ಲೆಕ್ಕ, ಅಡ್ಡ ದಾಟುವವರದ್ದಲ್ಲ. ನಾವು ಕೊಯ್ಲಿನ ಸಮಯದಲ್ಲಿ ನೀರಿನ ಟ್ಯಾಂಕಿನ ಮೇಲೆ ಹಳೇ ಫೋನ್ ಕಟ್ಟಿ ವಾರ ಪೂರ್ತಿ ವಿಡಿಯೊ ಮಾಡಿದೆವು. ಕಾಲೇಜು ಹುಡುಗರು ನೋಡಿ ಎಣಿಸಿದರು, ತಲೆಗೆ ಐನೂರು ಮತ್ತು ಊಟ. ರಸ್ತೆಗಳ ಮಾನದಂಡ ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಟ್ಟಿಯಲ್ಲಿ ಕಾರಿಗೆ ಒಂದು ಅಂಕವಾದರೆ ಬೈಕಿಗೆ ಅರ್ಧ, ಟ್ರೈಲರ್ ಇರುವ ಟ್ರ್ಯಾಕ್ಟರಿಗೆ ನಾಲ್ಕೂವರೆ, ಎತ್ತಿನ ಗಾಡಿಗೆ ಎಂಟು. ಸುಮ್ನೆ ತಲೆ ಎಣಿಸಿಕೊಟ್ಟರೆ ಸಣ್ಣದಾಗಿ ಕಾಣುವ ದಾರಿ ಈ ಅಂಕದಲ್ಲಿ ದೊಡ್ಡದಾಯಿತು. ದನಕ್ಕೆ ಅಲ್ಲಿ ಅಂಕವೇ ಇಲ್ಲ! ನಮ್ಮಲ್ಲಿ ಬೆಳಿಗ್ಗೆ ದಾಟುವುದರಲ್ಲಿ ಅವೇ ಜಾಸ್ತಿ. ಅದಕ್ಕೆ ಬೇರೆ ಹಾಳೆ ಮಾಡಿದೆವು.

ಶಬ್ದ ಅಳೆಯುವ ಆ್ಯಪನ್ನೂ ಪ್ರಯೋಗಿಸಿ ನೋಡಿದೆ. ಸಂಜೆ ಕಪ್ಪೆ ಕೂಗಿಗೇ ಎಪ್ಪತ್ತು ಡೆಸಿಬಲ್ ತೋರಿಸಿತು. ಅಲ್ಲಿಗೇ ಬಿಟ್ಟೆ.

ಆಕ್ಷೇಪಣೆಯ ವಿಚಾರಣೆಯಲ್ಲಿ ಮೂರು ಮೀಟರ್ ಎತ್ತರದ ದನದ ಅಂಡರ್‌ಪಾಸ್ ಕೊಡುವ ಮಾತು ಬಂತು. ಕೈ ಕುಲುಕಿ ಬರೋಣ ಎಂದರು ಜೊತೆಯವರು. ನಾನು ಫೋಟೊ ಮುಂದಿಟ್ಟೆ: ಒಣಹುಲ್ಲು ಹೇರಿದ ಟ್ರ್ಯಾಕ್ಟರ್, ಪಕ್ಕದಲ್ಲಿ ನೆಟ್ಟಗೆ ಹಿಡಿದ ಟೇಪು, ತುದಿಯಲ್ಲಿ ಮೂರೂಮುಕ್ಕಾಲು ಮೀಟರ್. ಮೇಜಿನ ಆಚೆ ಕೂತಿದ್ದವರು ಫೋಟೊವನ್ನು ದೊಡ್ಡದು ಮಾಡಿ ಟೇಪಿನ ಅಂಕಿಯನ್ನು ಎರಡು ಸಲ ನೋಡಿದರು. ನಾಲ್ಕು ಮೀಟರಿಗೆ ಒಪ್ಪಿಗೆ ಬಂದದ್ದು ಆಮೇಲಿನ ಜಂಟಿ ಸ್ಥಳ ಪರಿಶೀಲನೆಯಲ್ಲಿ. ಅವತ್ತು ಅವರನ್ನು ಯಾವ ಕಡೆಯಿಂದ, ಎಷ್ಟು ಹೊತ್ತಿಗೆ ಕರೆತಂದೆವು ಅನ್ನೋದನ್ನು ಇಲ್ಲಿ ಹೇಳಲ್ಲ. ಸರ್ವಿಸ್ ರಸ್ತೆಯ ಮಾತು ಇನ್ನೂ ಬಾಕಿ ಇದೆ, ಅಲ್ವಾ?

ಮಲೆನಾಡಿನಲ್ಲಿ ಅಂಡರ್‌ಪಾಸಿಗೆ ತಗ್ಗು ತೋಡಿದರೆ ಮಳೆಗೆ ಅದು ಕೆರೆ. ಗಾರೆ ಕೆಲಸದವರ ನೀರಿನ ಟ್ಯೂಬ್ ಹಿಡಿದು ಗದ್ದೆಯಿಂದ ಹಳ್ಳದವರೆಗೆ ಮಟ್ಟ ನೋಡಿದೆವು. ಆಮೇಲೆ ಎಂಟು ಸಾವಿರ ಕೊಟ್ಟು ಸರ್ವೆಯವರಿಂದ ಅಳೆಸಿದರೆ ಒಂದು ಗೇಣಿನಷ್ಟೂ ವ್ಯತ್ಯಾಸ ಬರಲಿಲ್ಲ. ಆ ಮಟ್ಟದ ಹಾಳೆ ಇದ್ದದ್ದರಿಂದಲೇ ನೀರು ಹಳ್ಳಕ್ಕೆ ಹರಿಯುವ ಚರಂಡಿಯೂ ನಕ್ಷೆಗೆ ಸೇರಿತು.

ಈ ಎರಡನೇ ಸುತ್ತಿಗೆ ಜೆರಾಕ್ಸ್, ಪೆಟ್ರೋಲ್ ಎಲ್ಲ ಸೇರಿ ಇಪ್ಪತ್ತು ಸಾವಿರದ ಆಸುಪಾಸು, ಮನೆಗೆ ಮುನ್ನೂರರಂತೆ ಎತ್ತಿದೆವು. ಚರಂಡಿಯ ಹೂಳು ತೆಗೆಯುವುದು ಯಾರ ಪಾಲಿಗೆ ಎಂದು ಮಾತ್ರ ಹೆದ್ದಾರಿಯವರು ಇನ್ನೂ ಬರೆದು ಕೊಟ್ಟಿಲ್ಲ. ಮುಂದಿನ ಅರ್ಜಿ ಅದಕ್ಕೇ.