ಚುಕ್ಕಿ ಎಣಿಸೋದು ಬಿಟ್ಟೆ, ಹುಳದ ತಲೆ ನೋಡಿದೆ

ಗ್ರಾಸ್ ಯೆಲ್ಲೋ ಅನ್ನೋ ಪುಟ್ಟ ಹಳದಿ ಚಿಟ್ಟೆ ಫೋಟೋ ತೋರಿಸಿ ಹೆಸರು ಕೇಳಿದವರಿಗೆಲ್ಲ ಗೊತ್ತು, ನಾಲ್ಕು ಜನ ಐದು ಹೆಸರು ಹೇಳ್ತಾರೆ. ಮುಂದಿನ ರೆಕ್ಕೆ ಅಡಿ ಸೆಲ್‌ನಲ್ಲಿ, ಅಂದ್ರೆ ನರಗಳ ನಡುವಿನ ದೊಡ್ಡ ಖಾನೆಯಲ್ಲಿ, ಎರಡು ಚುಕ್ಕಿ ಇದ್ರೆ ಯೂರೆಮಾ ಹೆಕಾಬೆ ಅನ್ನೋ ಜಾತಿ, ಮೂರಿದ್ರೆ ಯೂರೆಮಾ ಬ್ಲ್ಯಾಂಡಾ, ಇಷ್ಟು ಎಲ್ಲರ ಬಾಯಲ್ಲೂ ಇದೆ. ಆದ್ರೆ ಈ ಪುಣ್ಯಾತ್ಮ ಚಿಟ್ಟೆ ಕೂತ ಕೂಡ್ಲೇ ಮುಂದಿನ ರೆಕ್ಕೆನ ಹಿಂದಿನದ್ರ ಒಳಗೆ ಎಳ್ಕೊಂಡ್ಬಿಡುತ್ತೆ, ಚುಕ್ಕಿ ಅರ್ಧ ಮುಚ್ಚಿಹೋಗಿರುತ್ತೆ, ಬೇಸಿಗೆಯಲ್ಲಂತೂ ಗುರುತುಗಳ ಆಟವೇ ಬೇರೆ. ಸೆಕೆಂಡ್ ಹ್ಯಾಂಡ್ ಮ್ಯಾಕ್ರೋ ಲೆನ್ಸ್‌ಗೆ ಸುಮಾರು 28 ಸಾವಿರ ಸುರಿದೆ, ಮೊದಲು ಮಸುಕಾಗಿದ್ದ ಡೌಟು ಆಮೇಲೆ ಶಾರ್ಪಾಗಿ ಕಾಣ್ತು ಅಷ್ಟೇ.

ಮೊಟ್ಟೆಯಿಂದಲೇ ಸಾಕಿ ನೋಡ್ತೀನಿ ಅಂದಾಗ ನಮ್ಮ ಜತೆ ಕಾಡು ಸುತ್ತೋ ಒಬ್ಬರು ನಕ್ಕಿದ್ರು. 'ಜೆನಿಟೇಲಿಯಾ (ಜನನಾಂಗ) ನೋಡ್ದೆ ಏನ್ ಹೆಸರು ಹೇಳ್ತೀಯಾ ಮಾರಾಯಾ, ಹುಳ ಸಾಕೋಕೆ ಇದೇನು ರೇಷ್ಮೆಯಾ' ಅಂತ. ಕೊಂದು ನೋಡೋದು ನಂಗೆ ಬೇಡಿತ್ತು.

ಮೊದಲ ವರ್ಷ ಪೂರಾ ದಂಡ. ಮುಚ್ಚಳ ಬಿಗಿಯಾಗಿರೋ ಡಬ್ಬಿ ತಂದೆ, 600 ರೂಪಾಯಿ ಹೋಯ್ತು, ಮಳೆಗಾಲದಲ್ಲಿ ಒಳಗೆಲ್ಲ ಬೆವರಿ ಬೂಷ್ಟು ಹಿಡಿದು ಹುಳ ಕಪ್ಪಾಗಿ ಸತ್ವು. ಎರಡನೇ ಬ್ಯಾಚಿಗೆ ಇರುವೆ. ಮೂರನೇದು ಚೆನ್ನಾಗೇ ತಿಂದು ಬೆಳೀತು, ಒಂದಿನ ಬೆಳಿಗ್ಗೆ ನೋಡಿದ್ರೆ ಹುಳದ ಪಕ್ಕ ಅಕ್ಕಿಕಾಳಿನಂಥ ಪುಟ್ಟ ಗೂಡುಗಳು, ಅದ್ರಿಂದ ಹೊರಗೆ ಬಂದಿದ್ದು ಚಿಟ್ಟೆ ಅಲ್ಲ, ಕಣಜ. ನಾನು ತರೋ ಮುಂಚೆನೇ ಹುಳದೊಳಗೆ ಕಣಜ ಮೊಟ್ಟೆ ಇಟ್ಟಿತ್ತು. ಹುಳ ತರೋದೇ ತಪ್ಪು, ಮೊಟ್ಟೆನೇ ತರ್ಬೇಕು ಅಂತ ಆಗ ಬುದ್ಧಿ ಬಂತು. ಆಮೇಲೆ ಸ್ವೀಟ್ ಬಾಕ್ಸಿಗೆ ಹಳೇ ಸೊಳ್ಳೆಪರದೆ ಕಟ್ಟಿದೆ, ಖರ್ಚು ಸೊನ್ನೆ. ಸೊಪ್ಪು ಎರಡು ದಿನ ಬಾಡದ ಹಾಗೆ ಇಡೋಕೆ ಒಂದು ಉಪಾಯ ಇದೆ, ಅದು ಸದ್ಯಕ್ಕೆ ನನ್ನ ಹತ್ರನೇ ಇರ್ಲಿ.

ತಗಚೆ ಗಿಡದಲ್ಲಿ ಒಂಟಿ ಒಂಟಿಯಾಗಿ ಸಿಕ್ಕ ಮೊಟ್ಟೆಗಳಿಂದ ಹಸಿರು ತಲೆ ಹುಳ ಬಂದ್ವು. ಕಕ್ಕೆ ಮರದ ಚಿಗುರಲ್ಲಿ ಒಟ್ಟಾಗಿ ಇಟ್ಟ ಮೊಟ್ಟೆಯಿಂದ ಕರಿ ತಲೆಯವು, ಅವು ತಿನ್ನೋದೂ ಗುಂಪಲ್ಲಿ, ಕೋಶ ಕಟ್ಟೋದೂ ಅಕ್ಕಪಕ್ಕದಲ್ಲೇ. ಸುಮಾರು ಮೂರು ವಾರಕ್ಕೆ ಚಿಟ್ಟೆ. ಹಸಿರು ತಲೆದು ಹೆಕಾಬೆ, ಕರಿ ತಲೆದು ಬ್ಲ್ಯಾಂಡಾ. ಎರಡು ಮಳೆಗಾಲ ಸೇರಿ ನೂರರ ಮೇಲೆ ಹಾರಿಸಿರಬಹುದು, ತಲೆ ಬಣ್ಣ ಒಂದ್ಸಲನೂ ಕೈ ಕೊಡ್ಲಿಲ್ಲ. ಗಿಡ ನೋಡಿ ಮಾತ್ರ ಹೆಸರು ಬರೀಬೇಡಿ, ಹೆಕಾಬೆ ಸಿಕ್ಕಿದ್ದೆಲ್ಲ ತಿನ್ನುತ್ತೆ. ನಕ್ಕವರಿಗೆ ಫೋಟೋ ಕಳಿಸಿದೆ, ಬರೀ ಒಂದು ಹೆಬ್ಬೆಟ್ಟು ಬಂತು.

ಮಧ್ಯೆ ಹಿತ್ತಿಲ ಕರಿಬೇವಲ್ಲಿ ಕಾಮನ್ ಮಾರ್ಮನ್ (ಪ್ಯಾಪಿಲಿಯೋ ಪಾಲಿಟಿಸ್) ಅನ್ನೋ ಚಿಟ್ಟೆ ಕೂಡ ಸಾಕಿದೆ, ಸುಮ್ನೆ ಚಟ. ಒಂದೇ ತಾಯಿ ಮೊಟ್ಟೆಯಿಂದ ಗಂಡಿನ ಥರ ಇರೋ ಹೆಣ್ಣೂ ಬಂತು, ಕ್ರಿಮ್ಸನ್ ರೋಸ್ ಅನ್ನೋ ಬೇರೆ ಚಿಟ್ಟೆ ಥರ ವೇಷ ಹಾಕಿರೋ ಹೆಣ್ಣೂ ಬಂತು. ಈ ಎರಡನೇದನ್ನ ಚಿಟ್ಟೆಗಳಿಗೆ ಹೆಸರಿಟ್ಟ ಕ್ರೇಮರ್ 1775ರಲ್ಲಿ ಪ್ಯಾಪಿಲಿಯೋ ರೋಮುಲಸ್ ಅಂತ ಬೇರೆ ಜಾತಿನೇ ಮಾಡಿದ್ದ, ಈಗದು ಪಾಲಿಟಿಸ್‌ನ ಒಂದು ರೂಪ ಅಷ್ಟೇ. ಅವನೂ ರೆಕ್ಕೆ ನಂಬಿ ಕೆಟ್ಟ, ನಾನೊಬ್ಬನೇ ಅಲ್ಲ ಅಂತ ಸಮಾಧಾನ ಆಯ್ತು.

ಇನ್ನೊಂದು, ವೈಜ್ಞಾನಿಕ ಹೆಸರಿನ ಜತೆ ಹೆಸರಿಟ್ಟವನ ಹೆಸರು ಬರೆಯುವಾಗ ನಮ್ಮ ಹುಡುಗ್ರು ಬ್ರಾಕೆಟ್ ನುಂಗ್ತಾರೆ. ಲಿನೇಯಸ್ 1758ರಲ್ಲಿ ಇಟ್ಟಿದ್ದು ಪ್ಯಾಪಿಲಿಯೋ ಹೆಕಾಬೆ ಅಂತ, ಈಗ ಕುಲ (ಹೆಸರಿನ ಮೊದಲ ಭಾಗ) ಯೂರೆಮಾ ಅಂತ ಬದಲಾಗಿದೆ, ಅದಕ್ಕೇ ಅವನ ಹೆಸರು ಬ್ರಾಕೆಟ್‌ನಲ್ಲಿ ಕೂರೋದು. ಹೆಸರಿಟ್ಟವನ ಕುಲವೇ ಇನ್ನೂ ಉಳಿದಿದ್ರೆ ಬ್ರಾಕೆಟ್ ಬೇಡ.

ಒಂದೇ ಚುಕ್ಕಿಯ ಗ್ರಾಸ್ ಯೆಲ್ಲೋ, ಅಂದ್ರೆ ಯೂರೆಮಾ ಆಂಡರ್ಸೋನಿ, ಸಾಕೋದು ಇನ್ನೂ ಬಾಕಿ. ಅದು ಮೊಟ್ಟೆ ಇಡೋಕೆ ವೆಂಟಿಲಾಗೊ ಅನ್ನೋ ಬಳ್ಳಿ ಹುಡುಕುತ್ತೆ, ನಮ್ಮ ತೋಟದ ಬೇಲಿಯಲ್ಲಿ ಒಂದು ಬಳ್ಳಿ ಇತ್ತು, ಹೋದ ವಾರ ಬೇಲಿ ಸವರೋಕೆ ಬಂದವರು ಅದನ್ನೂ ಸವರಿಬಿಟ್ಟಿದ್ದಾರೆ. ಬುಡ ಉಳಿದಿದೆ, ಜೂನ್‌ಗೆ ಚಿಗುರುತ್ತಾ ನೋಡ್ಬೇಕು.