ಖಾಲಿ ಕೂತ ಕಂಪ್ಯೂಟರುಗಳ ಮುಯ್ಯಾಳು ಲೆಕ್ಕ

ಕಾರವಾರದ ನಮ್ಮ ಕಾಲೇಜಿನಲ್ಲಿ ಸಂಜೆ ಐದಕ್ಕೆ ಲ್ಯಾಬಿಗೆ ಬೀಗ ಬಿದ್ದರೆ 30 ಕಂಪ್ಯೂಟರುಗಳು ಮರುದಿನ ಒಂಬತ್ತರ ತನಕ ಸುಮ್ಮನೆ ಕೂರುತ್ತಿದ್ದವು. ಪಕ್ಕದ ಕೋಣೆಯಲ್ಲಿ, ಕಾಳಿ ನದಿಯ ಅಳಿವೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಉಪಗ್ರಹ ಚಿತ್ರಗಳನ್ನು ವಿಂಗಡಿಸುವ ಸಂಶೋಧನಾ ವಿದ್ಯಾರ್ಥಿನಿ ಒಂದೇ ಯಂತ್ರವನ್ನು ನಂಬಿ ವಾರಗಟ್ಟಲೆ ಕಾಯುತ್ತಿದ್ದಳು. ನೋಡಿ ತಡೆಯಲಾರದೆ ಎಚ್‌ಟಿಕಾಂಡರ್ ಹಾಕಿದೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಹುಟ್ಟಿದ ತಂತ್ರಾಂಶ ಅದು. ಖಾಲಿ ಯಂತ್ರ ಹುಡುಕಿ ಕೆಲಸ ಕೊಡುವುದೇ ಅದರ ಕಸುಬು.

ಮೊದಲ ತಕರಾರು ಲ್ಯಾಬ್ ನೋಡಿಕೊಳ್ಳುವ ಮೇಡಂ ಅವರದು. "ಸರ್, ಪ್ರಾಕ್ಟಿಕಲ್ ನಡುವೆ ಸ್ಲೋ ಆದ್ರೆ ನಾನು ಸ್ವಿಚ್ಚೇ ತೆಗೀತೇನೆ" ಎಂದರು. ಅವರ ಮಾತು ನ್ಯಾಯವಾಗಿತ್ತು. ಕೀಬೋರ್ಡ್ 15 ನಿಮಿಷ ಯಾರೂ ಮುಟ್ಟದಿದ್ದರೆ ಮಾತ್ರ ಹೊರಗಿನ ಕೆಲಸ ಒಳಗೆ ಬರಬೇಕು, ಮುಟ್ಟಿದ ಕೂಡಲೇ ಜಾಗ ಬಿಡಬೇಕು ಎಂದು ನಿಯಮ ಬರೆದೆ. ಮೇಡಂ ಒಪ್ಪಿದರು. ಆದರೆ ಕಾಂಡ್ಲಾದ ಒಂದೊಂದು ಕೆಲಸಕ್ಕೂ 20 ತಾಸು ಬೇಕಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಹುಡುಗರು ಬಂದು ಕೂತರೆ ರಾತ್ರಿಯಿಡೀ ಮಾಡಿದ್ದು ಹೋಯಿತು, ಸಂಜೆ ಮತ್ತೆ ಮೊದಲಿನಿಂದ. ಏಳು ದಿನವಾದರೂ ಒಂದೂ ಮುಗಿಯಲಿಲ್ಲ. ಆ ಹುಡುಗಿಯ ಮುಖ ನೋಡಲು ಕಷ್ಟವಾಗುತ್ತಿತ್ತು. ಕೊನೆಗೆ ಇಬ್ಬರೂ ಕೂತು ಪ್ರತಿ ಚಿತ್ರವನ್ನು 40 ನಿಮಿಷದಲ್ಲಿ ಮುಗಿಯುವ ತುಂಡುಗಳನ್ನಾಗಿ ಕತ್ತರಿಸಿದೆವು. ಆಷಾಢದ ಗಾಳಿ ಮಳೆಯಲ್ಲಿ ಕರೆಂಟು ಹೋದರೂ ಈಗ ನಷ್ಟ ಒಂದು ತುಂಡಿನದು ಮಾತ್ರ.

ಆಮೇಲೆ ಹಂಚಿಕೆಯ ಜಗಳ. ಒಂದು ಶುಕ್ರವಾರ ಒಬ್ಬ ವಿದ್ಯಾರ್ಥಿ 600 ಕೆಲಸ ತಂದು ಸುರಿದ. ಮೊದಲು ಬಂದವನಿಗೆ ಮೊದಲು ಎಂದಿದ್ದರೆ ಉಳಿದವರಿಗೆ ಸೋಮವಾರದ ತನಕ ಬಾಗಿಲು ಮುಚ್ಚಿದಂತೆ. ನಾನು ಬೆಳೆದ ಊರಿನಲ್ಲಿ ಗದ್ದೆ ನಾಟಿಗೆ ಮುಯ್ಯಾಳು ಹೋಗುತ್ತಿದ್ದರು. ಯಾರ ಗದ್ದೆಗೆ ಎಷ್ಟು ಆಳು ಹೋಗಿತ್ತು ಎಂಬ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತಿತ್ತು. ಕಾಂಡರ್ ಇಡುವುದೂ ಅಂಥದೇ ಲೆಕ್ಕ. 100 ಕೋರ್‌ಗಳನ್ನು (ಕೋರ್ ಎಂದರೆ ಕಂಪ್ಯೂಟರಿನೊಳಗೆ ಲೆಕ್ಕ ಮಾಡುವ ಒಂದು ಘಟಕ) ಬಿಡದೆ ಬಳಸಿದವನ ಅಂಕಿ ನಿಧಾನವಾಗಿ 100ರ ಕಡೆ ಏರುತ್ತದೆ, ಅಂಕಿ ದೊಡ್ಡದಾದಷ್ಟೂ ಪಾಳಿ ಹಿಂದಕ್ಕೆ. ಬಳಕೆ ನಿಲ್ಲಿಸಿದರೆ ದಿನಕ್ಕೆ ಅರ್ಧದಂತೆ ಇಳಿಯುತ್ತದೆ: 50, 25, ಹೀಗೆ. ಈ ಒಂದು ದಿನದ ಅವಧಿ ನಮಗೆ ಸಾಲದು ಅನಿಸಿತು. ಶನಿವಾರ, ಭಾನುವಾರವೆಲ್ಲ ಬಾಚಿಕೊಂಡವನು ಬುಧವಾರಕ್ಕೆಲ್ಲ ಎಲ್ಲರ ಸಮಕ್ಕೆ ಬಂದು ನಿಲ್ಲುತ್ತಿದ್ದ. ಮೂರು ದಿನಕ್ಕೆ ಏರಿಸಿದೆ. ತುಂಡುಗಳು ಚಿಕ್ಕವಾದ್ದರಿಂದ ಓಡುತ್ತಿರುವುದನ್ನು ಕೊಲ್ಲದೆಯೇ ಹೊಸಬರಿಗೆ ಬೇಗ ಜಾಗ ಸಿಗುತ್ತದೆ.

ಶಿರಸಿಯ ಗೆಳೆಯರೊಬ್ಬರ ಲ್ಯಾಬನ್ನು ಜೋಡಿಸಿದ್ದು ಆಮೇಲೆ. ಒಂದು ಕಡೆ ಜಾಗ ಸಿಗದ ಕೆಲಸ ಇನ್ನೊಂದು ಕಡೆಗೆ ಹರಿಯುವ ಏರ್ಪಾಡು ಕಾಂಡರ್‌ನಲ್ಲೇ ಇದೆ. ಎರಡೂ ಕಡೆಯವರು ಒಪ್ಪಿ ಅನುಮತಿ ಬರೆದರಾಯಿತು. ಅವರದು ಮಳೆ ನೀರಿನ ಹರಿವಿನ ಮಾದರಿ: ಲೆಕ್ಕ ಒಂದೇ, ಮೌಲ್ಯ ಸಾವಿರ ಬಗೆ, ಕಳಿಸಬೇಕಾದ ಕಡತ ಚಿಕ್ಕದು. ಅದು ಘಟ್ಟ ಇಳಿದು ಬರಲು ಸಲೀಸು. ನಮ್ಮ ಚಿತ್ರಗಳು ಭಾರ. ಕಳಿಸುವ ಹೊತ್ತೇ ಲೆಕ್ಕದ ಹೊತ್ತನ್ನು ಮೀರುತ್ತಿತ್ತು. ಹಾಗಾಗಿ ಚಿತ್ರಗಳಿರುವ ಯಂತ್ರಗಳಿಗೆ ಒಂದು ಗುರುತು ಕೊಟ್ಟು, ಆ ಗುರುತು ಇದ್ದಲ್ಲಿ ಮಾತ್ರ ಕಾಂಡ್ಲಾದ ಕೆಲಸ ಓಡಬೇಕು ಎಂದು ಷರತ್ತು ಹಾಕಿದೆ.

ನಿಜವಾಗಿ ಕಾಡಿದ್ದು ಮಳೆಗಾಲ. ದೇವಿಮನೆ ಘಾಟಿಯ ಕಡೆ ಗುಡ್ಡ ಜರಿದು ಕೇಬಲ್ ತುಂಡಾದ ದಿನ ಗೆಳೆಯರು ಫೋನಿನಲ್ಲಿ, "ಮಾರಾಯ್ರೇ, ನಮ್ದೆಲ್ಲ ಮತ್ತೆ ಮೊದಲಿಂದ ಶುರುವಾಗ್ತಾ ಉಂಟು" ಎಂದರು. ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಸಂಪರ್ಕ ತಪ್ಪಿದ ಕೆಲಸವನ್ನು ಕಾಂಡರ್ ತಕ್ಷಣ ಕೈಬಿಡುವುದಿಲ್ಲ, ಒಂದು ಗಡುವಿನ ತನಕ ಅದನ್ನು ಓಡಲು ಬಿಟ್ಟು ಮರುಸಂಪರ್ಕಕ್ಕೆ ಕಾಯುತ್ತದೆ. ನಾವು ಏನನ್ನೂ ಹೇಳದಿದ್ದರೆ ಆ ಗಡುವು 40 ನಿಮಿಷ. ಘಟ್ಟದ ಮೇಲೆ ಕೇಬಲ್ ಜೋಡಿಸಲು ಅದು ಯಾವ ಲೆಕ್ಕ! ಶಿರಸಿಯಿಂದ ಬರುವ ದೀರ್ಘ ಕೆಲಸಗಳಿಗೆ ಅದನ್ನು 12 ತಾಸಿಗೆ ಏರಿಸಿದೆವು.

ಮುಂದಿನ ಸಲ ಕೇಬಲ್ ಹೋದದ್ದು ರಾತ್ರಿ ಹತ್ತರ ಸುಮಾರಿಗೆ, ಬಂದದ್ದು ಬೆಳಗಿನ ಐದಕ್ಕೆ. ಗೆಳೆಯರು ಎದ್ದವರೇ ಸಾಲು ನೋಡಿ ಫೋನು ಮಾಡಿದರು. ಹಿಂದಿನ ಸಂಜೆ ಕಳಿಸಿದ 52 ಕೆಲಸಗಳಲ್ಲಿ 41 ಮುಗಿದಿದ್ದವು, 11 ಇನ್ನೂ ಓಡುತ್ತಿದ್ದವು.